ಬೇಜಾರಾಗೋಕೂ ಪೇ ಸ್ಲಿಪ್ ಬೇಕು

ಬೆಂಗಳೂರಿನ ಸಾಫ್ಟ್‌ವೇರ್ ಹುಡುಗನಿಗೆ ಬೇಜಾರಾದರೆ ಊರಿಗೆಲ್ಲ ಗೊತ್ತಾಗುತ್ತದೆ. ಮೊದಲು 'ಸ್ವಲ್ಪ ದಿನ ಸೋಶಿಯಲ್ ಮೀಡಿಯಾದಿಂದ ದೂರ ಇರ್ತೀನಿ' ಅಂತ ಇನ್‌ಸ್ಟಾಗ್ರಾಮಿನಲ್ಲಿ ಪ್ರಕಟಣೆ ಬರುತ್ತದೆ. ಆಮೇಲೆ ಎಷ್ಟು ದೂರ ಇದ್ದಾನೆ ಅನ್ನೋದರ ಬಗ್ಗೆ ಗಂಟೆಗೊಂದು ಸ್ಟೋರಿ. ಗೋಕರ್ಣದ ಕುಡ್ಲೆ ಬೀಚು, ಸಮುದ್ರದ ಕಡೆ ಮುಖ, ಕ್ಯಾಮೆರಾ ಕಡೆ ಬೆನ್ನು. ಒಬ್ಬನೇ ಹೋಗಿದ್ದಾನಂತೆ. ಹಾಗಾದರೆ ಬೆನ್ನಿನ ಫೋಟೋ ತೆಗೆದವರು ಯಾರು ಅಂತ ಕೇಳಬೇಡಿ, ಪಾಪ, ಅವನು ತನ್ನನ್ನು ತಾನು ಹುಡುಕುತ್ತಿದ್ದಾನೆ.

ಸಮುದ್ರ ಬೇಡ ಅನ್ನೋರಿಗೆ ಬೆಟ್ಟ ಇದೆ. ಮುಳ್ಳಯ್ಯನಗಿರಿ 1,930 ಮೀಟರ್, ರಾಜ್ಯದಲ್ಲೇ ಎತ್ತರದ ಶಿಖರ, ಏಕಾಂತಕ್ಕೆ ಇದಕ್ಕಿಂತ ಜಾಗ ಬೇಕಾ ಅಂದುಕೊಂಡು ಶನಿವಾರ ಬೆಳಗ್ಗೆ ಹೋದರೆ, ಏಕಾಂತ ಬೇಕು ಅಂತಲೇ ಬಂದ ಉಳಿದವರೆಲ್ಲ ಘಾಟಿಯಲ್ಲಿ ಕಾರು ಸಾಲಾಗಿ ನಿಲ್ಲಿಸಿಕೊಂಡು ಹಾರನ್ ಹೊಡೆಯುತ್ತಿರುತ್ತಾರೆ. 2024ರ ಗಣರಾಜ್ಯೋತ್ಸವದ ರಜೆಯಲ್ಲಿ ಕುಮಾರ ಪರ್ವತಕ್ಕೆ ಸಾವಿರಾರು ಜನ ಮುಗಿಬಿದ್ದರು. ಅರಣ್ಯ ಇಲಾಖೆ ಚಾರಣವನ್ನೇ ನಿಲ್ಲಿಸಿ, ಆಮೇಲೆ ಆನ್‌ಲೈನ್ ಬುಕಿಂಗ್, ದಿನಕ್ಕೆ ಇಷ್ಟೇ ಜನ ಅನ್ನೋ ಲೆಕ್ಕ ತರಬೇಕಾಯಿತು. ಈಗ ಒಂಟಿಯಾಗಿರೋಕೂ ಸ್ಲಾಟ್ ಸಿಗಬೇಕು.

ಇರಲಿ, ಹೋಗಲಿ ಬಿಡಿ, ಅವನ ದುಡ್ಡು, ಅವನ ಬೆಟ್ಟ. ಯಾರೂ ಅವನನ್ನು ಬೈಯುವುದಿಲ್ಲ. ಎಚ್‌ಆರ್ ಭೇಷ್ ಅನ್ನುತ್ತಾರೆ. ಗೆಳೆಯರು 'ಮೆಂಟಲ್ ಹೆಲ್ತ್ ಮುಖ್ಯ ಬ್ರೋ' ಅಂತ ಬರೆದು ಹೃದಯದ ಗುರುತು ಒತ್ತುತ್ತಾರೆ.

ಈಗ ಇದೇ ಬೇಜಾರು ರಾಣೆಬೆನ್ನೂರಿನ ಒಬ್ಬ ಗೃಹಿಣಿಗೆ ಬಂತು ಅಂತಿಟ್ಟುಕೊಳ್ಳಿ. ಅವರು ಬೆಳಗಿನ ಜಾವ ಎದ್ದು, ಎಲ್ಲರಿಗೂ ರೊಟ್ಟಿ ತಟ್ಟಿ ಮುಚ್ಚಿಟ್ಟು, ಆಧಾರ್ ಕಾರ್ಡನ್ನು ಪರ್ಸಿಗೆ ಹಾಕಿಕೊಂಡು ಬಸ್ ಸ್ಟ್ಯಾಂಡಿಗೆ ಬರುತ್ತಾರೆ. ಕಂಡಕ್ಟರ್ ಶೂನ್ಯ ದರದ ಟಿಕೆಟ್ ಹರಿದು ಕೊಡುತ್ತಾನೆ. ಅದೃಷ್ಟ ಇದ್ದರೆ ಕಿಟಕಿ ಪಕ್ಕದ ಸೀಟು. ಧರ್ಮಸ್ಥಳದಲ್ಲಿ ಇಳಿದು, ನೇತ್ರಾವತಿಯಲ್ಲಿ ಸ್ನಾನ ಮಾಡಿ, ದರ್ಶನ ಮುಗಿಸಿ, ತಾವು ಮಾಡದ ಅಡುಗೆಯನ್ನು ಬೇರೆಯವರು ಬಡಿಸಿದ್ದನ್ನು ಕೂತು ಊಟ ಮಾಡುತ್ತಾರೆ. ಆಮೇಲೆ ಒಂದಷ್ಟು ಹೊತ್ತು ಸುಮ್ನೆ ಕೂರುತ್ತಾರೆ. ಟವೆಲ್ ಎಲ್ಲಿ, ಚಾ ಎಲ್ಲಿ ಅಂತ ಯಾರೂ ಕೂಗುವುದಿಲ್ಲ. ಬೆನ್ನಿನ ಫೋಟೋ ಇಲ್ಲ.

ಇದಕ್ಕೆ ಮೆಂಟಲ್ ಹೆಲ್ತ್ ಅಂದವರು ಯಾರಾದರೂ ಇದ್ದಾರಾ? ಇದಕ್ಕೆ ನಾವು ಇಟ್ಟ ಹೆಸರು ಬಿಟ್ಟಿ ಭಾಗ್ಯ. 2023ರ ಜೂನ್ 11ರಂದು ರಾಜ್ಯದ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸು ಫ್ರೀ ಮಾಡಿದ ಶಕ್ತಿ ಯೋಜನೆ ಶುರುವಾದಾಗಿನ ವಾಟ್ಸಾಪ್ ಜೋಕುಗಳು ನೆನಪಿರಬೇಕಲ್ವಾ? ಹೆಂಡತಿ ಧರ್ಮಸ್ಥಳದಲ್ಲಿ, ಗಂಡ ಹೋಟೆಲಿನಲ್ಲಿ. ಒಂದು ಹೊತ್ತಿನ ಅಡುಗೆ ತಪ್ಪಿದ್ದಕ್ಕೆ ರಾಜ್ಯದ ಅರ್ಥವ್ಯವಸ್ಥೆಯೇ ಕುಸಿಯಿತು ಅಂತ ಗಂಡಸರು ಅಂಕಿ ಅಂಶ ಹಿಡಿದು ಕೂತರು. ಗೋಕರ್ಣದಿಂದಲೇ 'ನನ್ನ ಟ್ಯಾಕ್ಸ್ ದುಡ್ಡಲ್ಲಿ ಸುತ್ತಾಡ್ತಾರೆ' ಅಂತ ಬರೆದ ಹುಡುಗರೂ ಇದ್ದರು. ಅಲೆಗಳ ಸದ್ದಿನಲ್ಲಿ ಕೂತರೆ ಇಂಥ ವಿಚಾರಗಳು ಚೆನ್ನಾಗಿ ಹೊಳೆಯುತ್ತವೆ ಅನ್ಸುತ್ತೆ.

ಬಸ್ ಸಾಲದು ಅನ್ನೋ ದೂರು ನಿಜ. ಕಾಲೇಜು ಮಕ್ಕಳು ಬಾಗಿಲಲ್ಲಿ ಜೋತು ಬೀಳುವುದೂ ನಿಜ. ಅದಕ್ಕೆ ಬಸ್ ಜಾಸ್ತಿ ಬಿಡಿ ಅನ್ನಬೇಕು, 'ಇವರಿಗೇನು ಕೆಲಸ ಇಲ್ವಾ' ಅನ್ನುವುದಲ್ಲ. ಆ ಫ್ರೀ ಕೂಡ ಐರಾವತಕ್ಕಿಲ್ಲ, ರಾಜಹಂಸಕ್ಕಿಲ್ಲ, ರಾಜ್ಯದ ಗಡಿ ದಾಟೋ ಹಾಗಿಲ್ಲ. ಕೆಎಸ್‌ಆರ್‌ಟಿಸಿ ಬಸ್ಸುಗಳಲ್ಲಿ ಅರ್ಧ ಸೀಟು ಗಂಡಸರಿಗೆ ಅಂತ ಆದೇಶದಲ್ಲೇ ಬರೆದಿದ್ದರು.

ಇನ್ನೊಂದು ಮಜಾ ಇದೆ. ಹುಡುಗನಿಗೆ 'ಬೇಜಾರಾಗಿದೆ, ಹೋಗ್ತೀನಿ' ಅಂದರೆ ಸಾಕು. ರಾಣೆಬೆನ್ನೂರಿನ ಆ ಗೃಹಿಣಿ ಹಾಗಂದರೆ ಮನೆಯಲ್ಲಿ ಪಂಚಾಯ್ತಿ ಕೂರುತ್ತದೆ: ಯಾಕೆ ಬೇಜಾರು, ಏನು ಕಡಿಮೆ ಆಗಿದೆ, ಯಾರು ಏನಂದರು, ಜೊತೆಗೆ ಯಾರು ಬರ್ತಾರೆ. ಅದಕ್ಕೇ 'ಹರಕೆ ಇದೆ' ಅನ್ನುತ್ತಾರೆ. ಅತ್ತೆಯೂ ಮಾತಾಡುವ ಹಾಗಿಲ್ಲ, ಗಂಡನೂ ಮಾತಾಡುವ ಹಾಗಿಲ್ಲ. ನಮ್ಮ ಎಷ್ಟೋ ಹೆಣ್ಣುಮಕ್ಕಳಿಗೆ ರಜೆ ಮಂಜೂರು ಮಾಡೋ ಒಬ್ಬನೇ ಅಧಿಕಾರಿ ಆ ಮಂಜುನಾಥ. ರಾತ್ರಿ ಉಳಿಯೋಣ ಅಂತ ಲಾಡ್ಜಿಗೆ ಹೋದರೆ ಮಾತ್ರ ಅವನ ಶಿಫಾರಸು ನಡೆಯುವುದಿಲ್ಲ. ಕೌಂಟರಿನವನು ಅವರ ತಲೆಯ ಮೇಲಿಂದ ಬಾಗಿಲ ಕಡೆ ಇಣುಕಿ 'ಯಜಮಾನ್ರು ಎಲ್ಲಿ?' ಅನ್ನುತ್ತಾನೆ. ಅದೇ ಹುಡುಗ ಒಬ್ಬನೇ ಹೋಂಸ್ಟೇಗೆ ಹೋದರೆ ಇಬ್ಬರ ಬಾಡಿಗೆ ತೆಗೆದುಕೊಂಡು ಸ್ವಾಗತ ಪಾನೀಯ ಕೊಡುತ್ತಾರೆ.

2024ರ ಅಕ್ಟೋಬರಿನಲ್ಲಿ ಉಪಮುಖ್ಯಮಂತ್ರಿ ಡಿ.ಕೆ. ಶಿವಕುಮಾರ್, ಕೆಲವು ಮಹಿಳೆಯರೇ ನಾವು ದುಡ್ಡು ಕೊಡ್ತೀವಿ ಅಂತ ಇಮೇಲ್ ಮಾಡಿದ್ದಾರೆ, ಯೋಜನೆ ಬಗ್ಗೆ ಚರ್ಚೆ ಮಾಡೋಣ ಅಂದರು. ಅಂಥ ಪ್ರಸ್ತಾವವೇ ಇಲ್ಲ ಅಂತ ಮುಖ್ಯಮಂತ್ರಿ ಹೇಳಿದ ಮೇಲೆ ಮಾತು ಅಲ್ಲಿಗೆ ನಿಂತಿತು. ರಾಣೆಬೆನ್ನೂರಿನವರು ಇಮೇಲ್ ಮಾಡಿರಲಿಕ್ಕಿಲ್ಲ, ರೊಟ್ಟಿ ಹಿಟ್ಟಿನ ಕೈಯಲ್ಲಿ ಟೈಪ್ ಮಾಡೋದು ಕಷ್ಟ. 2025ರ ಜುಲೈ ಹೊತ್ತಿಗೆ ಈ ಉಚಿತ ಪ್ರಯಾಣಗಳ ಲೆಕ್ಕ 500 ಕೋಟಿ ದಾಟಿತು. ಅದರಲ್ಲಿ ಗಾರ್ಮೆಂಟ್ಸಿಗೆ ಹೋದವರು, ಆಸ್ಪತ್ರೆಗೆ ಹೋದವರು, ತವರಿಗೆ ಹೋದವರು ಎಲ್ಲ ಇದ್ದಾರೆ. ಸುಮ್ನೆ ಹೋಗಿ ಬಂದವರೂ ಇರಲಿ ಅಂತ ನನ್ನ ಆಸೆ.

ಸೋಲೋ ಹುಡುಗರಿಗೆ ಒಂದು ಐಡಿಯಾ ಕೊಡ್ತೀನಿ. ಮುಂದಿನ ಸಲ ಮನಸ್ಸು ಕೆಟ್ಟಾಗ ಮೆಜೆಸ್ಟಿಕ್ಕಿಗೆ ಹೋಗಿ ಧರ್ಮಸ್ಥಳದ ಕೆಂಪು ಬಸ್ಸು ಹತ್ತಿ. ಟಿಕೆಟ್ ತಗೊಳ್ಳಿ, ನಿಮಗೆ ಫ್ರೀ ಇಲ್ಲ, ಮೇಲಾಗಿ 2025ರ ಜನವರಿಯಿಂದ ದರ ಶೇ 15 ಜಾಸ್ತಿಯಾಗಿದೆ. ಪಕ್ಕದಲ್ಲಿ ಕೂತ ಅಮ್ಮ ನೆಲಮಂಗಲ ದಾಟುವ ಮೊದಲೇ ನಿಮ್ಮ ಸಂಬಳ, ಊರು, ಕೂದಲು ಯಾಕೆ ಉದುರುತ್ತಿದೆ ಅನ್ನೋದನ್ನೆಲ್ಲ ವಿಚಾರಿಸಿ ಮುಗಿಸುತ್ತಾರೆ. ಫೀಸು ಕೇಳುವುದಿಲ್ಲ, ಬದಲಿಗೆ ಕೋಡುಬಳೆ ಕೊಡುತ್ತಾರೆ. ಹಾಸನ ಬರುವಷ್ಟರಲ್ಲಿ ನಿಮಗೆ ತಮ್ಮ ತಂಗಿಯ ಮಗಳನ್ನು ನೋಡಿಯೂ ಆಗಿರುತ್ತದೆ.