ಸತ್ಯಾಂಶ: ಅರಲ್ ಸಮುದ್ರ ಪೂರ್ತಿ ಬತ್ತಿಹೋಗಿದೆಯೇ?

ಬಿಸಿಲಿನ ತಾಪಕ್ಕೆ ಮಧ್ಯ ಏಷ್ಯಾದ ಅರಲ್ ಸಮುದ್ರ ಪೂರ್ತಿ ಬತ್ತಿತು ಎಂಬ ಸಂದೇಶವನ್ನು ಹಲವರು ಕಳಕಳಿಯಿಂದಲೇ ಹಂಚುತ್ತಾರೆ. ಜೊತೆಗೆ ಬರುವ, ಮರಳಿನಲ್ಲಿ ನಿಂತ ಹಡಗುಗಳ ಚಿತ್ರವೇನೋ ನಿಜ. ಹಿಂದೆ ಇದರ ಬಂದರಾಗಿದ್ದ ಉಜ್ಬೇಕಿಸ್ತಾನದ ಮೊಯ್ನಾಕ್‌ಗೆ ಹೋದವರು ತುಕ್ಕು ಹಿಡಿದ ಹಡಗುಗಳ ಬುಡದ ಮರಳಿನಲ್ಲಿ ಚಿಪ್ಪುಗಳನ್ನೂ ಕಾಣುತ್ತಾರೆ. ಆದರೆ ಸಮುದ್ರವೆಂದು ಹೆಸರಿದ್ದರೂ ಅಸಲಿಗೆ ಉಪ್ಪುನೀರಿನ ಸರೋವರವಾದ ಇದು ಕುಗ್ಗಲು ಮುಖ್ಯ ಕಾರಣ, 1960ರ ದಶಕದಿಂದ ಅಮು ದರಿಯಾ, ಸಿರ್ ದರಿಯಾ ನದಿಗಳ ನೀರನ್ನು ಹೆಚ್ಚಾಗಿ ಹತ್ತಿ ಬೆಳೆಗೆಂದು ಕಾಲುವೆಗಳಿಗೆ ತಿರುಗಿಸಿದ್ದು. ಅದು ಪೂರ್ತಿ ಬತ್ತಿಯೂ ಇಲ್ಲ: ಕಝಾಕಸ್ತಾನದಲ್ಲಿ 2005ರಲ್ಲಿ ಕೊಕರಲ್ ಅಣೆಕಟ್ಟು ಮುಗಿದ ಮೇಲೆ ಉತ್ತರ ಭಾಗದಲ್ಲಿ ನೀರು ಏರಿ, ಉಪ್ಪಿನಂಶ ತಗ್ಗಿ, ಮೀನುಗಾರಿಕೆ ಮರಳಿತು. ದಕ್ಷಿಣ ಭಾಗದ ಸ್ಥಿತಿ ಮಾತ್ರ ಇಂದಿಗೂ ನೋವು ತರುವಂಥದ್ದು. ಇಂಥ ಸಂದೇಶ ಬಂದಾಗ ಚಿತ್ರ ಯಾವ ದಡದ್ದು, ಯಾವ ವರ್ಷದ್ದು ಎಂದು ನೋಡಿ, ಉಚಿತವಾಗಿ ಸಿಗುವ ಉಪಗ್ರಹ ಚಿತ್ರಗಳಲ್ಲಿ ಒಂದೇ ತಿಂಗಳಿನ ಬೇರೆ ಬೇರೆ ವರ್ಷಗಳನ್ನು ಹೋಲಿಸಿದರೆ ಎರಡೂ ಭಾಗಗಳ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ.