ಅಂಚಿನಲ್ಲಿ ೧, ೨, ೩

ಕೋಡ್ ಬರೆಯಲು ಟೆಕ್ಸ್ಟ್ ಎಡಿಟರ್ ಬಳಸುವವರಿಗೆ ಅದರ ಎಡಗಡೆಯ ಅಂಚು ಗೊತ್ತೇ ಇರುತ್ತದೆ. ಸಾಲಿಗೊಂದು ನಂಬರ್, ಮಂಕು ಬೂದು ಬಣ್ಣದಲ್ಲಿ, ಮೇಲಿಂದ ಕೆಳಗಿನವರೆಗೆ. ಅದನ್ನು ಯಾರೂ ಕೂತು ಓದುವುದಿಲ್ಲ. ಬೇಕಾದಾಗ ಕಣ್ಣು ಹಾಯಿಸುತ್ತಾರೆ, ಅಷ್ಟೆ. ನನ್ನ ಆಸೆ ಇಷ್ಟೇ: ಆ ನಂಬರುಗಳು ಕನ್ನಡ ಅಂಕಿಯಲ್ಲಿ ಬರಬೇಕು.

ಆಸೆ ಪಡುವುದಕ್ಕೆ ಖರ್ಚಿಲ್ಲ. ಕೇಳುವುದು ಕಷ್ಟ. ಹೊಸ ಸೌಲಭ್ಯ ಬೇಕಾದರೆ ತುಂಬಬೇಕಾದ ಫಾರ್ಮ್ ಒಂದಿದೆ. ‘ಇದರಿಂದ ನಿಮ್ಮ ಯಾವ ತೊಂದರೆ ಬಗೆಹರಿಯುತ್ತದೆ?’ ಅಂತ ಶುರುವಿನಲ್ಲೇ ಕೇಳುತ್ತದೆ. ಏನಂತ ಬರೆಯುವುದು? ನನಗೆ ತೊಂದರೆಯೇ ಇಲ್ಲ. 1, 2, 3 ಓದಲು ಚೆನ್ನಾಗಿಯೇ ಬರುತ್ತದೆ. ಸುಮ್ನೆ, ಹಾಗಿದ್ದರೆ ಚೆಂದ ಅನ್ನಿಸಿತು. ‘ಸುಮ್ನೆ’ ಅಂತ ಬರೆಯುವುದಕ್ಕೆ ಮಾತ್ರ ಆ ಫಾರ್ಮಿನಲ್ಲಿ ಜಾಗವಿಲ್ಲ. ಅದಕ್ಕೇ ಜನ ಸಣ್ಣ ಆಸೆಗೆ ದೊಡ್ಡ ಕಾರಣ ಹುಡುಕುತ್ತಾರೆ. ಕರ್ಸರ್ ಕೇಸರಿ ಬಣ್ಣದಲ್ಲಿ ಬೇಕು ಅನ್ನುವವರು ಕಣ್ಣಿನ ಆಯಾಸದ ಬಗ್ಗೆ ಬರೆಯುತ್ತಾರೆ. ನಾನೂ ಭಾಷೆ, ಪರಂಪರೆ, ಮುಂದಿನ ಪೀಳಿಗೆ ಅಂತೆಲ್ಲ ಒಂದು ಪ್ಯಾರಾ ಎಳೆದೆ. ಓದಿ ನೋಡಿದರೆ ಥೇಟ್ ರಾಜ್ಯೋತ್ಸವದ ಭಾಷಣ. ಅಳಿಸಿ, ‘ನೋಡೋಕೆ ಇಷ್ಟ’ ಅಂತ ಬರೆದು ಕಳಿಸಿದೆ.

ಹಾಗಂತ ಇದೇನು ತಲೆಕೆಟ್ಟ ಬೇಡಿಕೆಯಲ್ಲ. ನಾನು ಬಳಸುವ ಎಡಿಟರ್ ವಿಎಸ್ ಕೋಡ್‌ನಲ್ಲಿ ಕರ್ಸರ್ ಹೇಗೆ ಮಿಟುಕಬೇಕು ಅನ್ನುವುದಕ್ಕೇ ಐದು ಆಯ್ಕೆಗಳಿವೆ, ಮಿಟುಕಲೇಬಾರದು ಅನ್ನುವುದೂ ಸೇರಿ. ಯಾವನೋ ಪುಣ್ಯಾತ್ಮ ಕೇಳಿರಬೇಕು, ಅಲ್ವಾ? ಕನ್ನಡ ಅಂಕಿಗಳಂತೂ ಎಲ್ಲ ಭಾಷೆಗಳ ಅಕ್ಷರಗಳಿಗೂ ಕಂಪ್ಯೂಟರ್‌ನಲ್ಲಿ ಜಾಗ ಗೊತ್ತುಮಾಡುವ ಯೂನಿಕೋಡ್‌ನ ಮೊದಲ ಆವೃತ್ತಿಯಲ್ಲೇ, 1991ರಲ್ಲೇ, ಜಾಗ ಹಿಡಿದು ಕೂತಿವೆ. ವೆಬ್ ಪುಟದ ಪಟ್ಟಿಯೊಂದಕ್ಕೆ ೧, ೨, ೩ ಅಂತ ನಂಬರ್ ಬೀಳಬೇಕಾದರೆ ಪುಟದ ಅಂದಚೆಂದ ನೋಡಿಕೊಳ್ಳುವ ಸಿಎಸ್‌ಎಸ್‌ನಲ್ಲಿ ಪಟ್ಟಿಯ ಶೈಲಿ ‘ಕನ್ನಡ’ ಅಂತ ಹೇಳಿದರೆ ಸಾಕು, ಬ್ರೌಸರ್ ತಾನಾಗಿ ಹಾಕುತ್ತದೆ. ಆ ಪುಟವನ್ನು ಬರೆಯುವ ಎಡಿಟರ್‌ಗೆ ಮಾತ್ರ ಇದು ಗೊತ್ತಿಲ್ಲ. ಇನ್ನೂ ತಮಾಷೆ ಅಂದರೆ, ವಿಎಸ್ ಕೋಡ್ ಒಳಗೆ ಕೆಲಸ ಮಾಡುವ ಮೊನಾಕೊ ಎಡಿಟರ್‌ಗೆ ಸಾಲಿನ ನಂಬರನ್ನು ಹೇಗೆ ಬೇಕೋ ಹಾಗೆ ತೋರಿಸಲು ಹೇಳುವ ದಾರಿ ಇದೆ. ಹೊರಗಿನ ಸೆಟ್ಟಿಂಗ್ಸ್‌ನಲ್ಲಿ ಆ ದಾರಿಗೆ ಬಾಗಿಲಿಟ್ಟಿಲ್ಲ.

ಅಡ್ಡಿಗಳಿಲ್ಲ ಅಂತಲ್ಲ. ಕೋಡ್ ಬರೆಯುವ ಫಾಂಟುಗಳಲ್ಲಿ ಎಲ್ಲ ಅಕ್ಷರಕ್ಕೂ ಒಂದೇ ಅಗಲ. ಅವುಗಳಲ್ಲಿ ಕನ್ನಡ ಇರುವುದು ಅಪರೂಪ. ಹಾಗಾಗಿ ಕಂಪ್ಯೂಟರ್ ಕನ್ನಡದ ಅಂಕಿಗಳನ್ನು ಬೇರೆ ಫಾಂಟಿನಿಂದ ಕಡ ತರುತ್ತದೆ. ಕಡ ತಂದದ್ದರ ಅಳತೆ ಸರಿಹೋಗುತ್ತದೆ ಅನ್ನುವ ಗ್ಯಾರಂಟಿ ಇಲ್ಲ. ಆಮೇಲೆ ೬ ಮತ್ತು ೯ರ ಪಾಡು. ಇವೆರಡರ ವ್ಯತ್ಯಾಸವೆಲ್ಲ ಬಾಲದಲ್ಲಿದೆ. ಸಣ್ಣ ಅಕ್ಷರ, ಬೂದು ಬಣ್ಣ, ಸಂಜೆಯ ಕಣ್ಣು ಮೂರೂ ಸೇರಿದರೆ ಬಾಲ ಕಾಣುವುದಿಲ್ಲ. 69ನೇ ಸಾಲಿನಲ್ಲಿ ತಪ್ಪಿದೆ ಅಂತ, ಕೋಡನ್ನು ಯಂತ್ರದ ಭಾಷೆಗೆ ಇಳಿಸುವ ಕಂಪೈಲರ್ ಇಂಗ್ಲಿಷ್ ಅಂಕಿಯಲ್ಲಿ ಬೈಯುತ್ತದೆ. ನಾನು ೯೬ರಲ್ಲಿ ಹುಡುಕುತ್ತಾ ಕೂರುತ್ತೇನೆ. ಇದನ್ನು ಫಾರ್ಮಿನಲ್ಲಿ ಬರೆಯಲಿಲ್ಲ. ನನ್ನ ಕೇಸಿಗೆ ನಾನೇ ಯಾಕೆ ಕಲ್ಲು ಹಾಕಲಿ?

ಆಫೀಸಿನ ಗೆಳೆಯನಿಗೆ ಹೇಳಿದೆ. ಅವನು ನಿಯೋವಿಮ್ ಅನ್ನುವ ಇನ್ನೊಂದು ಎಡಿಟರ್‌ನ ಭಕ್ತ. 2023ರಲ್ಲಿ ಬಂದ ನಿಯೋವಿಮ್ 0.9ರಲ್ಲಿ ಸ್ಟೇಟಸ್‌ಕಾಲಮ್ ಅಂತ ಒಂದು ಆಯ್ಕೆ ಸೇರಿಸಿದ್ದಾರೆ. ಎಡ ಅಂಚಿನಲ್ಲಿ ಏನು ಕಾಣಬೇಕು ಅನ್ನುವುದನ್ನು ನಾವೇ ಬರೆದುಕೊಳ್ಳಬಹುದು. ಇಂಗ್ಲಿಷಿನ ಹತ್ತು ಅಂಕಿ, ಅದರ ಪಕ್ಕ ಕನ್ನಡದ ಹತ್ತು ಅಂಕಿ, ಇದಕ್ಕೆ ಬದಲು ಅದು ಅಂತ ಒಂದೇ ಸಾಲು. ಅವನು ನನ್ನ ಕಣ್ಣೆದುರೇ ಮಾಡಿ ತೋರಿಸಿದ. ಪರದೆಯ ಪಕ್ಕದಲ್ಲಿ ೧ರಿಂದ ೪೦ರವರೆಗೆ ದುಂಡಗೆ ಇಳಿದು ಬಂದವು. ಹೊಟ್ಟೆ ಉರಿಯಿತು.

‘ನೀನೂ ಇದಕ್ಕೇ ಬಂದುಬಿಡು ಮಾರಾಯ,’ ಅಂದ.

‘ಅಂಚು ಚೆನ್ನಾಗಿದೆ ಅಂತ ಸೀರೆನೇ ಬದಲಾಯಿಸೋಕಾಗುತ್ತಾ?’ ಅಂದೆ. ನನ್ನ ಎಡಿಟರ್‌ನ ಶಾರ್ಟ್‌ಕಟ್‌ಗಳೆಲ್ಲ ಬೆರಳಿಗೆ ಅಂಟಿಕೊಂಡಿವೆ. ಅವನದರಲ್ಲಿ ಹೊರಗೆ ಬರುವುದಕ್ಕೂ ಮಂತ್ರ ಹೇಳಬೇಕು.

ನನ್ನ ಅರ್ಜಿಗೆ ಇನ್ನೂ ಹೌದೂ ಇಲ್ಲ, ಇಲ್ಲವೂ ಇಲ್ಲ. ಆದರೆ ಅದರ ಕೆಳಗೆ ಜನ ಸೇರಿಕೊಂಡಿದ್ದಾರೆ. ಒಬ್ಬರಿಗೆ ದೇವನಾಗರಿ ಬೇಕಂತೆ, ಇನ್ನೊಬ್ಬರಿಗೆ ಬಂಗಾಳಿ. ಯಾರೂ ಕಾರಣ ಕೊಟ್ಟಿಲ್ಲ ಅನ್ನುವುದೇ ಸಮಾಧಾನ. ಕೊನೆಗೆ ಬಂದ ಮಹಾಶಯರೊಬ್ಬರು ರೋಮನ್ ಅಂಕಿ ಕೇಳಿದ್ದಾರೆ. ರೋಮನ್‌ನಲ್ಲಿ 888 ಬರೆಯಲು 12 ಅಕ್ಷರ ಬೇಕು. ಅವರು ಅಷ್ಟು ಉದ್ದದ ಫೈಲ್ ಬರೆದರೆ ಅಂಚಿಗೇ ಅರ್ಧ ಪರದೆ ಹೋಗುತ್ತದೆ. ಆದರೂ ಅವರ ಬೇಡಿಕೆಗೊಂದು ಲೈಕ್ ಒತ್ತಿ ಬಂದಿದ್ದೇನೆ.