ಸಣ್ಣ ಕುರ್ಪಿ ಇರಲಿ, ಕಳ್ಳ ಕುರ್ಪಿ ಬೇಡ

ಇವತ್ತು ಬೆಳಿಗ್ಗೆ ನಮ್ಮ ಏರಿಯಾದ ಪಾರ್ಕಿನಲ್ಲಿ ಒಬ್ಬ ಅಜ್ಜಿ ಬಿದ್ದರು. ದಿನಾ ಆರು ಗಂಟೆಗೆ ವಾಕಿಂಗ್ ಬರುವವರು. ಹುಲ್ಲಿನ ಮೇಲೆ ಬರಿಗಾಲಲ್ಲಿ ನಡೆಯುವಾಗ ಕಾಲು ಗುಣಿಯೊಳಗೆ ಹೋಯಿತು. ಒಂದು ಗೇಣು ಆಳದ ಗುಣಿ. ಪಕ್ಕದಲ್ಲಿ ಬೇರು ಮೇಲಾಗಿ ಬಿದ್ದ ಹುಲ್ಲಿನ ಹೆಂಟೆ. ದೇವರು ದೊಡ್ಡವನು, ಮೂಳೆಗೆ ಏನೂ ಆಗಲಿಲ್ಲ. ಪಾದ ಊದಿಕೊಂಡಿದೆ. ಕೈ ಹಿಡಿದು ಬೆಂಚಿನ ಮೇಲೆ ಕೂರಿಸಿದೆ. ಅಷ್ಟರಲ್ಲಿ ಮಾಲಿ ಓಡಿ ಬಂದ. ಗುಣಿ ನೋಡಿದ. ಆಮೇಲೆ ನನ್ನ ಮುಖ ನೋಡಿದ.

"ಅಣ್ಣಾ, ಇದು ನಿಮ್ಮ ಮೆಷಿನ್ ಕೆಲಸ ಅಲ್ಲ ತಾನೇ?"

ಆ ಮಾತು ಇನ್ನೂ ಚುಚ್ಚುತ್ತಿದೆ. ನಾನು ಆರು ವರ್ಷದಿಂದ ಮೆಟಲ್ ಡಿಟೆಕ್ಟರ್ ಹಿಡಿದು ಓಡಾಡುವುದು ನಿಮಗೆಲ್ಲ ಗೊತ್ತು. ನಿಮ್ಮಲ್ಲೇ ಕೆಲವರಿಗೆ ಕಳೆದುಹೋದ ಓಲೆ, ಕಾಲುಂಗುರ, ಬೈಕ್ ಕೀ ಹುಡುಕಿಕೊಟ್ಟಿದ್ದೇನೆ. ಒಂದು ರೂಪಾಯಿ ಮುಟ್ಟಿಲ್ಲ. ಒಂದು ಗುಣಿ ತೆರೆದು ಬಿಟ್ಟು ಬಂದಿಲ್ಲ. ಆದರೂ ಆ ಮಾಲಿಗೆ ಒಂದು ಕ್ಷಣ ಅನುಮಾನ ಬಂತಲ್ಲ, ಅದು ಅವನ ತಪ್ಪಲ್ಲ.

ಮನೆಗೆ ಬಂದು ಫೋನ್ ನೋಡಿದರೆ ಒಬ್ಬ ಹುಡುಗನ ಮೆಸೇಜ್. ಹೊಸದಾಗಿ ಡಿಟೆಕ್ಟರ್ ತಗೊಂಡಿದ್ದಾನಂತೆ. "ಅಣ್ಣ, ಪಾರ್ಕಲ್ಲಿ ಯಾರಿಗೂ ಗೊತ್ತಾಗದ ಹಾಗೆ ಅಗೆಯೋಕೆ ಯಾವ ಟೂಲ್ ಒಳ್ಳೇದು?" ಆ ಗುಣಿ ತೋಡಿದ್ದು ಇವನೇ ಅಂತ ನಾನು ಹೇಳುತ್ತಿಲ್ಲ. ಆದರೆ ಆ ಗುಣಿಗೂ ಈ ಪ್ರಶ್ನೆಗೂ ಬೇರು ಒಂದೇ. ಯಾರಿಗೂ ಗೊತ್ತಾಗಬಾರದು ಅಂದುಕೊಂಡವನು ಅವಸರದಲ್ಲಿ ಅಗೆಯುತ್ತಾನೆ. ಯಾರೋ ಬಂದರು ಅಂತ ಮುಚ್ಚದೆ ಎದ್ದು ಹೋಗುತ್ತಾನೆ. ಬೆಳಿಗ್ಗೆ ಅಜ್ಜಿ ಬೀಳುತ್ತಾರೆ.

ನನಗೆ ಇದು ಹೇಗೆ ಗೊತ್ತು ಅಂದರೆ, ಮೊದಲ ವರ್ಷ ನಾನೂ ಹಾಗೇ ಕದ್ದುಮುಚ್ಚಿ ಅಗೆಯುತ್ತಿದ್ದೆ. ಇದನ್ನು ಇಲ್ಲಿ ಯಾವತ್ತೂ ಬರೆದಿರಲಿಲ್ಲ. ಆನ್‌ಲೈನ್‌ನಲ್ಲಿ ಒಂದು ಮಡಚುವ ಸಲಿಕೆ ತರಿಸಿದ್ದೆ. ಕಪ್ಪು ಬಣ್ಣ, ಚೀಲದೊಳಗೆ ಹಿಡಿಯುತ್ತದೆ, ಯಾರ ಕಣ್ಣಿಗೂ ಬೀಳುವುದಿಲ್ಲ. ಕತ್ತಲಿರುವಾಗಲೇ ಹೋಗುತ್ತಿದ್ದೆ. ಒಂದು ತಿಂಗಳಾದ ಮೇಲೆ ಹಗಲಲ್ಲಿ ಅದೇ ಪಾರ್ಕಿಗೆ ಹೋದಾಗ, ನಾನು ಅಗೆದ ಕಡೆಯೆಲ್ಲ ಹುಲ್ಲು ಒಣಗಿ ದುಂಡಗೆ ಕಂದು ಬಣ್ಣದ ಕಲೆಗಳು ಬಿದ್ದಿದ್ದವು. ಎಣಿಸಿದೆ. ಹನ್ನೊಂದು. ಅವತ್ತೇ ಆ ಸಲಿಕೆ ಅಟ್ಟಕ್ಕೆ ಹಾಕಿದೆ.

ಸಲಕರಣೆ ಸಣ್ಣದಿರಬೇಕು ಅನ್ನುವುದರಲ್ಲಿ ನನಗೆ ಎರಡು ಮಾತಿಲ್ಲ. ಪಾರ್ಕಿಗೆ ಗುದ್ದಲಿ, ಹಾರೆ, ಸಲಿಕೆ ಬೇಡವೇ ಬೇಡ. ಆದರೆ ಯಾಕೆ ಸಣ್ಣದು? ಅಡಗಿಸಿಡಲು ಅಲ್ಲ. ಹುಲ್ಲಿನ ಬೇರು ಉಳಿಯಲಿ ಅಂತ. ಅಲ್ಲಿ ಆಡುವ ಮಕ್ಕಳು, ನಡೆಯುವ ಹಿರಿಯರು ಗಾಬರಿಯಾಗದಿರಲಿ ಅಂತ. ಕೆಳಗೆ ನೀರಿನ ಪೈಪು, ದೀಪದ ಕಂಬಗಳ ವೈರು ಇರುತ್ತವೆ. ಸಲಿಕೆಯ ಒಂದೇ ಏಟಿಗೆ ಅವು ತುಂಡಾಗಬಹುದು.

ಇನ್ನೊಂದು ಕಾರಣ ಮೆಷಿನ್ ಹಿಡಿದವರಿಗೆ ಮಾತ್ರ ಗೊತ್ತಾಗುತ್ತದೆ. ಚಿನ್ನದ ಸಣ್ಣ ಓಲೆಗೂ ಸಿಗರೇಟ್ ಪ್ಯಾಕಿನ ಬೆಳ್ಳಿ ಹಾಳೆಗೂ ಮೆಷಿನ್ ಹೆಚ್ಚುಕಡಿಮೆ ಒಂದೇ ಸದ್ದು ಮಾಡುತ್ತದೆ. ಒಂದು ಓಲೆ ಸಿಗಬೇಕಾದರೆ ಇಪ್ಪತ್ತು ಕಡೆ ನೆಲ ಬಿಡಿಸಿ ನೋಡಬೇಕಾಗುತ್ತದೆ. ಸೋಡಾ ಮುಚ್ಚಳ, ಮೊಳೆ, 2011ರಲ್ಲಿ ಚಲಾವಣೆಯಿಂದ ಹೋದ ನಾಲ್ಕಾಣೆ ಸಿಗುತ್ತವೆ. ಒಮ್ಮೆ ಆರು ಮೂಲೆಯ ಅಲ್ಯೂಮಿನಿಯಂ ಮೂರು ಪೈಸೆ ಸಿಕ್ಕಿತ್ತು, ಅವತ್ತು ಇಡೀ ದಿನ ಖುಷಿ. ಇಪ್ಪತ್ತು ಕಡೆ ಸಲಿಕೆ ಹಾಕಿದರೆ ಅದು ಪಾರ್ಕ್ ಆಗಿ ಉಳಿಯುತ್ತದಾ? ಹೊಲ ಉತ್ತ ಹಾಗೆ ಆಗುತ್ತದೆ.

ನನ್ನ ಚೀಲದಲ್ಲಿ ಇರುವುದು ಇಷ್ಟೇ. ತುದಿ ಉಜ್ಜಿ ಮೊಂಡು ಮಾಡಿದ ಒಂದು ಸ್ಕ್ರೂಡ್ರೈವರ್. ವಸ್ತು ಎರಡು ಇಂಚಿನ ಒಳಗಿದ್ದರೆ ಇದೇ ಸಾಕು. ಪಿನ್‌ಪಾಯಿಂಟರ್ ಅಂದರೆ ಕೈಯಲ್ಲಿ ಹಿಡಿಯುವ ಸಣ್ಣ ಡಿಟೆಕ್ಟರ್ ಇಟ್ಟು ಜಾಗ ಗುರುತಿಸಿ, ಪಕ್ಕದಿಂದ ನಿಧಾನಕ್ಕೆ ಮೀಟಿದರೆ ಮೇಲೆ ಬರುತ್ತದೆ. ತುದಿ ಚೂಪಾಗಿದ್ದರೆ ಉಂಗುರಕ್ಕೆ ಗೀರು ಬೀಳುತ್ತದೆ. ಅದಕ್ಕಿಂತ ಆಳ ಇದ್ದರೆ ಕುರ್ಪಿ. ಲಾರಿಯ ಹಳೆ ಸ್ಪ್ರಿಂಗ್ ಪಟ್ಟಿಯಿಂದ ಕುಲುಮೆಯಲ್ಲಿ ಮಾಡಿಸಿದ್ದು. ಎರಡು ಬೆರಳಗಲ, ಏಳು ಇಂಚಿನ ಅಲಗು, ಒಂದು ಕಡೆ ಗರಗಸದ ಹಲ್ಲು. ಹೊರದೇಶದ ಮಾದರಿಯವು ಎರಡೂ ಕಡೆ ಚೂಪಾಗಿ, ಸೊಂಟಕ್ಕೆ ಕಟ್ಟಿಕೊಳ್ಳುವ ಚೀಲದ ಜೊತೆ ಬರುತ್ತವೆ. ನಮ್ಮೂರಲ್ಲಿ ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಮಕ್ಕಳ ಮಧ್ಯೆ ಓಡಾಡಿದರೆ ಬಾಕು ಹಿಡಿದವನ ಹಾಗೆ ಕಾಣುತ್ತೇವೆ. ದಯವಿಟ್ಟು ಬೇಡ. ಕುರ್ಪಿ ನೋಡಿದರೆ ಯಾರೂ ಹೆದರುವುದಿಲ್ಲ, ಎಲ್ಲರ ಮನೆಯ ಹಿತ್ತಲಲ್ಲೂ ನೋಡಿದ್ದೇ ಅಲ್ವಾ. ನನ್ನ ಕುರ್ಪಿಯ ಹಿಡಿಗೆ ಕಿತ್ತಳೆ ಬಣ್ಣ ಹಚ್ಚಿದ್ದೇನೆ. ದೂರದಿಂದಲೇ ಕಾಣಲಿ ಅಂತಲೇ ಹಚ್ಚಿದ್ದು.

ಹುಲ್ಲನ್ನು ಕುದುರೆ ಲಾಳದ ಆಕಾರದಲ್ಲಿ ಕೊಯ್ಯಬೇಕು. ಮೂರು ಕಡೆ ಕೊಯ್ದು ಒಂದು ಕಡೆ ಬಿಟ್ಟರೆ ಪೆಟ್ಟಿಗೆ ಮುಚ್ಚಳದ ಹಾಗೆ ಎತ್ತಬಹುದು. ಆ ಒಂದು ಕಡೆಯ ಬೇರುಗಳೇ ಹುಲ್ಲನ್ನು ಬದುಕಿಸುವುದು. ತೆಗೆದ ಮಣ್ಣು ಹಳೆ ಟವೆಲ್ ಮೇಲೆ. ಒಂದು ಚೂರು ಹುಲ್ಲಿಗೆ ಬೀಳಬಾರದು. ಮಣ್ಣು ವಾಪಸ್ ಸುರಿದು, ಮುಚ್ಚಳ ಮುಚ್ಚಿ, ಕಾಲಲ್ಲಿ ಒತ್ತಿ, ಅರ್ಧ ಬಾಟಲಿ ನೀರು. ಸಿಕ್ಕ ಕಸ ಜೇಬಿಗೆ. ಇಷ್ಟಕ್ಕೆ ಐದು ನಿಮಿಷವೂ ಬೇಡ.

"ದಾವಣಗೆರೆ ಬಿಸಿಲಿಗೆ ಎರೆ ಮಣ್ಣು ಕಲ್ಲಾಗಿರುತ್ತೆ, ನಿನ್ನ ಕುರ್ಪಿ ಬಾಗಿ ಹೋಗುತ್ತೆ, ಹಾರೆನೇ ಬೇಕು" ಅಂತ ಗೆಳೆಯನೊಬ್ಬ ಪ್ರತಿ ಸಲ ವಾದ ಮಾಡುತ್ತಾನೆ. ಮಣ್ಣು ಕಲ್ಲಾಗಿರುತ್ತೆ, ನಿಜ. ಹಾಗಾದರೆ ಏಪ್ರಿಲ್‌ನಲ್ಲಿ ಅಗೆಯಬೇಡ. ಮಳೆ ಬೀಳುವವರೆಗೆ ಕಾದಿರು. ತುರ್ತು ಇದ್ದರೆ ಹಿಂದಿನ ಸಂಜೆ ಆ ಜಾಗಕ್ಕೆ ಒಂದು ಕೊಡ ನೀರು ಹಾಕು. ನಿನ್ನೆ ಮೊನ್ನೆ ಬಿದ್ದ ಓಲೆ ಮೊಣಕಾಲುದ್ದ ಆಳಕ್ಕೆ ಇಳಿದಿರುವುದಿಲ್ಲ. ಅಷ್ಟು ಆಳದಲ್ಲಿ ಇರುವುದನ್ನೇ ಹುಡುಕುತ್ತಿದ್ದೀಯ ಅಂದರೆ ನೀನು ಹುಡುಕುತ್ತಿರುವುದು ಓಲೆ ಅಲ್ಲ, ಬೇರೆ ಏನೋ. ಅದಕ್ಕೆ ಪಾರ್ಕ್ ಜಾಗ ಅಲ್ಲ.

ಇಲ್ಲೇ ನನಗೆ ಸಿಟ್ಟು ಜಾಸ್ತಿ ಬರುವುದು. ನಾನು ಹುಟ್ಟಿದ್ದು ಚಿತ್ರದುರ್ಗದಲ್ಲಿ. ನಿಧಿ ಆಸೆಗೆ ಹಳೆ ಗುಡಿಗಳ ಗರ್ಭಗುಡಿ ಅಗೆದಿದ್ದು, ಬಸವಣ್ಣನ ವಿಗ್ರಹ ಕಿತ್ತು ಉರುಳಿಸಿದ್ದು ಕೇಳುತ್ತಲೇ ಬೆಳೆದವನು. ಅವರೂ ಯಾರಿಗೂ ಗೊತ್ತಾಗದ ಹಾಗೆಯೇ ಅಗೆದರು. ಅದಕ್ಕೇ ನಮ್ಮ ಕಡೆ ರಾತ್ರಿ ಹೊತ್ತು ಸಲಿಕೆ ಹಿಡಿದವನನ್ನು ಕಂಡರೆ ಜನ ಮೊದಲು ನಿಧಿಗಳ್ಳ ಅಂತಾರೆ. ಅವರ ಅನುಮಾನಕ್ಕೆ ಕಾರಣ ಇದೆ.

ನಮ್ಮ ಜಿಲ್ಲೆಯ ಕೋಟೆ, ಚಂದ್ರವಳ್ಳಿ, ಬ್ರಹ್ಮಗಿರಿಯಂಥ ಪ್ರಾಚೀನ ಜಾಗಗಳ ಹತ್ತಿರ ಯಾವ ಟೂಲ್ ಒಳ್ಳೇದು ಅನ್ನುವ ಪ್ರಶ್ನೆಯೇ ಬರುವುದಿಲ್ಲ. ಸಂರಕ್ಷಿತ ಜಾಗದಲ್ಲಿ ಅನುಮತಿ ಇಲ್ಲದೆ ಅಗೆಯುವುದು ಅಪರಾಧ. 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಬ್ರಹ್ಮಗಿರಿ, ಚಂದ್ರವಳ್ಳಿ ಎರಡೂ ಕಡೆ ಉತ್ಖನನ ಮಾಡಿಸಿದರು. ಚಂದ್ರವಳ್ಳಿಯಲ್ಲಿ ರೋಮ್ ಚಕ್ರವರ್ತಿ ಟೈಬೀರಿಯಸ್ ಕಾಲದ ಬೆಳ್ಳಿ ನಾಣ್ಯ ಸಿಕ್ಕಿದೆ. ಅಂಥ ನಾಣ್ಯ ಯಾವ ಪದರದಲ್ಲಿ ಇತ್ತು ಅನ್ನುವುದರಿಂದ ಆ ಪದರದ ಕಾಲ ಗೊತ್ತಾಗುತ್ತದೆ. ಅದನ್ನೇ ಒಬ್ಬ ಕುರ್ಪಿಯಲ್ಲಿ ಕಿತ್ತು ಜೇಬಿಗೆ ಹಾಕಿಕೊಂಡಿದ್ದರೆ? ಬರೀ ಬೆಳ್ಳಿ ಚೂರು. ಊರ ಪಾರ್ಕಿನಲ್ಲೇ ಹುದುಗಿಟ್ಟ ಹಳೆ ವಸ್ತು ಸಿಕ್ಕರೂ ಸರ್ಕಾರಕ್ಕೆ ತಿಳಿಸಬೇಕು. ನಿಧಿ ಬಗ್ಗೆ ಕಾನೂನು 1878ರಿಂದಲೇ ಇದೆ. ಸಿಕ್ಕಿದ್ದನ್ನು ಮುಟ್ಟದೆ, ಅಗೆಯುವುದು ನಿಲ್ಲಿಸಿ, ಜಿಲ್ಲಾಧಿಕಾರಿ ಕಚೇರಿಗೆ ಹೋಗಿ ಹೇಳಿ.

ಮಾಲಿಯ ಜೊತೆ ಸೇರಿ ಬೆಳಿಗ್ಗೆಯೇ ಆ ಗುಣಿ ಮುಚ್ಚಿದೆ. ಹೆಂಟೆ ರಾತ್ರಿಯೆಲ್ಲ ಹೊರಗೆ ಬಿದ್ದು ಬೇರು ಒಣಗಿತ್ತು. ನೀರು ಹಾಕಿದ್ದೇವೆ, ಚಿಗುರುತ್ತದೆ ಅನ್ನುವ ನಂಬಿಕೆ ನನಗಿಲ್ಲ. ಆ ಹುಡುಗನಿಗೆ ಉತ್ತರ ಬರೆದೆ: "ಭಾನುವಾರ ಏಳು ಗಂಟೆಗೆ ಬಾ, ಬೆಳಕಲ್ಲೇ ಬಾ. ಪಾರ್ಕ್ ನೋಡಿಕೊಳ್ಳುವವರ ಅನುಮತಿ ಹೇಗೆ ಕೇಳೋದು ಅಂತ ಹೇಳಿಕೊಡ್ತೀನಿ. ಮೊದಲು ಮಾಲಿಗೆ ನಮಸ್ಕಾರ ಮಾಡಿ ಕುರ್ಪಿ ತೋರಿಸೋಣ, ಆಮೇಲೆ ಮೆಷಿನ್ ಆನ್ ಮಾಡೋಣ."

ಮಧ್ಯಾಹ್ನವೇ ನೋಡಿದ್ದಾನೆ. ಇನ್ನೂ ಉತ್ತರ ಬಂದಿಲ್ಲ. ನಾನಂತೂ ಏಳಕ್ಕೆ ಅಲ್ಲಿರುತ್ತೇನೆ.